ನೀಲಮ ಮತ್ತು ಮೂರು ನಿಮಿಷದ ಪಂಚರ್

ನೀಲಮ ಕುರಣೆ ಪತ್ರಿಕೋದ್ಯಮ ಓದಲು ಬಂದದ್ದು ಒಬ್ಬ ಕಾರಕೂನರ ತಪ್ಪಿನಿಂದ. ಬಿ.ಎ. ಪ್ರವೇಶದ ಅರ್ಜಿಯಲ್ಲಿ ಅವಳು ಸಮಾಜಶಾಸ್ತ್ರದ ಮುಂದೆ ಗುರುತು ಹಾಕಿದ್ದಳು. ಕಾರಕೂನರು ಒಂದು ಗೆರೆ ಕೆಳಗೆ ಓದಿಕೊಂಡರು. ತಪ್ಪು ಗೊತ್ತಾಗಿ ಅವಳ ತಂದೆ ಕಾಲೇಜಿಗೆ ಬಂದಾಗ ಪ್ರಾಚಾರ್ಯರು ಎದ್ದು ನಿಂತು ಕೈ ಮುಗಿದರು. "ಆ ವಿಷಯಕ್ಕ ಈಕೀನ್ನ ಬಿಟ್ರ ಬರೀ ಐದು ಮಂದಿ ಅದಾರ್ರಿ. ನಿಮ್ಮ ಮಗಳೂ ಹ್ವಾದ್ಳಂದ್ರ ವಿಭಾಗನ ಮುಚ್ಚಬೇಕಾಗತೈತಿ" ಎಂದರು. ತಂದೆ ಜ್ಞಾನದೇವ ಕುರಣೆ ರಾಯಬಾಗದ ಪೋಸ್ಟ್‌ಮನ್. ಇಪ್ಪತ್ತು ವರ್ಷ ಆ ಕಾಲೇಜಿಗೆ ಟಪಾಲು ತಂದುಕೊಟ್ಟಿದ್ದರೂ ಅಲ್ಲಿ ಯಾರೂ ಅವರಿಗೆ ಕುರ್ಚಿ ತೋರಿಸಿರಲಿಲ್ಲ. ಈಗ ಪ್ರಾಚಾರ್ಯರೇ ಕೈ ಮುಗಿದು ನಿಂತದ್ದನ್ನು ನೋಡಿ ಗಾಬರಿಯಾಗಿ, "ಇರ್ಲಿ ಬಿಡ್ರಿ, ಅದನ್ನ ಓದ್ಲಿ" ಎಂದು ಸೈಕಲ್ ಹತ್ತಿ ಹೊರಟುಬಿಟ್ಟರು. ಹೀಗೆ ವಿಭಾಗ ಉಳಿಯಿತು. ಅದರ ಜೊತೆ, ಆ ವಿಭಾಗದ ಏಕಮಾತ್ರ ಅತಿಥಿ ಉಪನ್ಯಾಸಕನಾದ ನನ್ನ ಹೊಟ್ಟೆಪಾಡೂ ಉಳಿಯಿತು.

ಆದ್ದರಿಂದ ನೀಲಮ ಎಷ್ಟು ಪ್ರಶ್ನೆ ಕೇಳಿದರೂ ನಾನು ಸಿಟ್ಟಾಗುವಂತಿರಲಿಲ್ಲ. ಅವಳು ಕೇಳುತ್ತಿದ್ದಳು ಕೂಡ. ಗಿಡ್ಡ ಹುಡುಗಿ, ಎರಡು ಜಡೆ, ಮೊದಲ ಬೆಂಚು. ನಾನು ಏನು ಹೇಳಿದರೂ "ಯಾಕ್ರಿ ಸರ್?" ಎನ್ನುವುದು ಅವಳ ರೂಢಿ. ಮೊದಲ ಎರಡು ವರ್ಷ ಹೇಗೋ ತಪ್ಪಿಸಿಕೊಂಡೆ. ಮೂರನೆಯ ವರ್ಷ, ಅಂದರೆ 2011ರ ಚಳಿಗಾಲದಲ್ಲಿ, ಸಿಕ್ಕಿಬಿದ್ದೆ.

ಆ ವರ್ಷದ ಪಠ್ಯದಲ್ಲಿ ಒಂದು ಪ್ರಾಯೋಗಿಕ ಕೆಲಸವಿತ್ತು. ಪ್ರತಿ ವಿದ್ಯಾರ್ಥಿಯೂ ಮೂರು ನಿಮಿಷದ ಒಂದು ದೃಶ್ಯ ಸರಣಿಯನ್ನು ತಾನೇ ಚಿತ್ರೀಕರಿಸಿ, ತಾನೇ ಕತ್ತರಿಸಿ ಜೋಡಿಸಿ, ಪರೀಕ್ಷೆಗೆ ಬರುವವರಿಗೆ ತೋರಿಸಬೇಕು. ನಾನು ಧಾರವಾಡದಲ್ಲಿ ಓದಿ, ಒಂದು ವರ್ಷ ಪತ್ರಿಕೆಯೊಂದರಲ್ಲಿ ಮದುವೆ, ನಾಮಕರಣ, ನಿಧನದ ಸುದ್ದಿ ತಿದ್ದಿದವನು. ವಿಡಿಯೋ ಕ್ಯಾಮೆರಾವನ್ನು ದೂರದಿಂದ ನೋಡಿದ್ದೆ. ಪುಸ್ತಕ ತಂದು ಓದಿಕೊಂಡು ಹಲಗೆಯ ಮೇಲೆ ಐದು ಚೌಕ ಬರೆದೆ.

"ಒಬ್ಬ ಮನುಷ್ಯ ಒಂದು ಕೆಲಸ ಮಾಡುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಮೊದಲು ಅವನ ಕೈ. ಆಮೇಲೆ ಆ ಕೈ ಯಾರದೆಂದು ಮುಖ. ಆಮೇಲೆ ಅವನು ಎಲ್ಲಿ ಕೂತಿದ್ದಾನೆಂದು ದೂರದಿಂದ. ನಾಲ್ಕನೆಯದು ಅವನ ಭುಜದ ಹಿಂದಿನಿಂದ ಇಣುಕಿ. ಐದನೆಯದು ಯಾರೂ ನಿರೀಕ್ಷಿಸದ ಕಡೆಯಿಂದ. ಒಂದೇ ಕೆಲಸವನ್ನು ಐದು ಸಲ ಮಾಡಿಸಿ ತೆಗೆಯಬೇಕು. ಜೋಡಿಸಿದಾಗ ಒಂದೇ ಸಲ ಆದಂತೆ ಕಾಣಬೇಕು."

"ಯಾಕ್ರಿ ಸರ್?" ಎಂದಳು ನೀಲಮ. "ಒಂದ ಸಲ ದೂರ ನಿಂತು ತಗದ್ರ ಆಗೂದಿಲ್ಲೇನ್ರಿ?"

"ಆಗೂದಿಲ್ಲ."

"ನೀವು ತಗದು ನೋಡೀರೇನ್ರಿ?"

ಸುಳ್ಳು ಹೇಳಬೇಕೆಂದುಕೊಂಡೆ, ಆಗಲಿಲ್ಲ. ಇಲ್ಲ ಎಂದೆ. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. "ಹಂಗಾದ್ರ ಕೂಡೇ ಕಲಿಯೂನು ಬಿಡ್ರಿ" ಎಂದು ಪುಸ್ತಕ ಮುಚ್ಚಿದಳು.

ಉಳಿದ ಐವರೂ ಕುಡಚಿಯ ಹತ್ತಿರ ಕೃಷ್ಣಾ ಹೊಳೆಯನ್ನು ತೆಗೆಯುತ್ತೇವೆ ಎಂದರು. ಜಾಣರು. ಹೊಳೆಗೆ ಇನ್ನೊಮ್ಮೆ ಹರಿ ಎಂದು ಯಾರೂ ಹೇಳಬೇಕಾಗಿಲ್ಲ. ನೀಲಮ ಮಾತ್ರ ಮನುಷ್ಯ ಬೇಕು, ಕೈ ಬೇಕು ಎಂದು ಹಟ ಹಿಡಿದಳು. ಅದೇ ದಿನ ಮಧ್ಯಾಹ್ನ ನನ್ನ ಸೈಕಲ್ ಪಂಚರ್ ಆಯಿತು. ಅದನ್ನು ನೂಕಿಕೊಂಡು ಹೊರಟವನನ್ನು ನೋಡಿ, "ಸರ್, ನಿಲ್ರಿ ನಿಲ್ರಿ, ಅಲ್ಲಿಗೆ ಹೋಗಬ್ಯಾಡ್ರಿ, ಕ್ಯಾಮೆರಾ ತಗೊಂಡು ಬರ್ತೇನಿ" ಎಂದು ಓಡಿದಳು.

ಅಲ್ಲಿಗೆ ಎಂದರೆ ಮಲಕಾರಿಯ ಅಂಗಡಿಗೆ. ಬಸ್ ನಿಲ್ದಾಣದ ಎದುರು ಬೇವಿನ ಮರದ ಬುಡದಲ್ಲಿ ಒಂದು ತಗಡಿನ ಪೆಟ್ಟಿಗೆ, ನೀರು ತುಂಬಿದ ಕಬ್ಬಿಣದ ಬುಟ್ಟಿ, ಹವಾ ಹೊಡೆಯುವ ಪಂಪು, ಕೊಂಬೆಗೆ ತೂಗುಹಾಕಿದ ಒಂದು ಹಳೆಯ ಟೈರು. ಇಷ್ಟೇ ಅಂಗಡಿ. ಮಲಕಾರಿಗೆ ಐವತ್ತು ದಾಟಿತ್ತು. ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್, ಯಾವಾಗಲೂ ಎಂಟು ದಿನದ ಗಡ್ಡ. ಪೋಸ್ಟ್‌ಮನ್ನರ ಸೈಕಲ್ ಅವನ ಖಾಯಂ ಗಿರಾಕಿಯಾದ್ದರಿಂದ ನೀಲಮಳನ್ನು ಅವನು ಲಂಗ ತೊಟ್ಟ ಕಾಲದಿಂದ ಬಲ್ಲ.

ಕಾಲೇಜಿನ ಕ್ಯಾಮೆರಾ ಬೆಳ್ಳಿಹಬ್ಬಕ್ಕೆ ಕೊಂಡ ಕ್ಯಾಸೆಟ್ಟಿನ ಕ್ಯಾಮೆರಾ. ಐದು ವರ್ಷದಿಂದ ಪ್ರಾಚಾರ್ಯರ ಕಪಾಟಿನಲ್ಲಿ ಟವೆಲ್ ಸುತ್ತಿಕೊಂಡು ಮಲಗಿತ್ತು. ಅದನ್ನು ಅವರು ಕೊಟ್ಟರು, ಜೊತೆಗೆ ಕಾಲೇಜಿನ ಸಿಪಾಯಿ ಮುರಗೆಪ್ಪನನ್ನೂ ಕೊಟ್ಟರು. ಮುರಗೆಪ್ಪನ ಕೈಯಲ್ಲಿ ಒಂದು ಕರಿ ಛತ್ರಿ. ಕ್ಯಾಮೆರಾದ ಮೇಲೆ ಬಿಸಿಲು ಬೀಳಕೂಡದು ಎಂದು ಅಪ್ಪಣೆಯಾಗಿತ್ತು.

ಮೊದಲ ದಿನ ಎಲ್ಲ ಸುಸೂತ್ರವಾಗಿ ನಡೆಯಿತು ಎಂದುಕೊಂಡೆವು. ಮಲಕಾರಿ ಟೈರಿನೊಳಗಿಂದ ಟ್ಯೂಬು ಎಳೆದ, ಹವಾ ಹೊಡೆದು ನೀರಲ್ಲಿ ಮುಳುಗಿಸಿದ, ಗುಳ್ಳೆ ಎದ್ದ ಜಾಗ ಗುರುತಿಸಿದ, ಉಪ್ಪುಕಾಗದದಿಂದ ಉಜ್ಜಿದ, ತೇಪೆ ಹಚ್ಚಿದ. ನೀಲಮ ಮಂಡಿಯೂರಿ, ನಿಂತು, ಬಗ್ಗಿ ಎಲ್ಲ ತೆಗೆದಳು. ಕಾಲೇಜಿಗೆ ಬಂದು ಕ್ಯಾಮೆರಾದ ವೈರನ್ನು ಟಿವಿಗೆ ಚುಚ್ಚಿ ನೋಡಿದರೆ, ಹನ್ನೆರಡು ನಿಮಿಷ ಬರೀ ಚಪ್ಪಲಿ. ಗುಂಡಿ ಒತ್ತಿ ಶುರುವಾಯಿತು ಎಂದುಕೊಂಡಾಗ ಅದು ನಿಂತಿತ್ತು. ನಿಲ್ಲಿಸಿದೆ ಎಂದು ಕೈ ಕೆಳಗೆ ಬಿಟ್ಟುಕೊಂಡು ನಡೆದಾಗ ಶುರುವಾಗಿತ್ತು. ಮಲಕಾರಿ ಒಂದೇ ಒಂದು ಕಡೆ ಇದ್ದ, ಅದೂ ಅವನ ಹೆಬ್ಬೆರಳು. ಉಳಿದಂತೆ ನನ್ನ ಕಾಲು, ಮುರಗೆಪ್ಪನ ಕಾಲು, ಛತ್ರಿಯ ನೆರಳು, ಒಂದು ಕೋಳಿ.

ಪ್ರಾಚಾರ್ಯರು ಹಿಂದೆ ನಿಂತು ಪೂರ್ತಿ ನೋಡಿದರು. "ಕೋಳಿ ಚಲೋ ಬಂದೈತಿ" ಎಂದು ಹೋದರು.

ನೀಲಮ ಅಳುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ಗುಂಡಿಯ ಪಕ್ಕ ಕಾಣುವ ಕೆಂಪು ಚುಕ್ಕೆಯನ್ನು ದಿಟ್ಟಿಸಿ ನೋಡಿ, "ಇದು ಕೆಂಪಾದ್ರ ಅದು ನೋಡಾಕತ್ತೈತಿ ಅಂತ ಅರ್ಥ. ಕಲ್ತೆ ನೋಡ್ರಿ ಸರ್" ಎಂದಳು. ಮರುದಿನಕ್ಕೆ ಮತ್ತೆ ಹೊರಟೆವು.

ಮರುದಿನ ಬೇವಿನ ಮರದ ಕೆಳಗೆ ನಮಗೆ ಮಲಕಾರಿ ಕಾಣಲಿಲ್ಲ. ಬಿಳಿ ಜುಬ್ಬಾ, ಬಿಳಿ ಟೋಪಿ, ಹಣೆಗೆ ಬೀರಪ್ಪನ ಗುಡಿಯ ಅರಿಶಿನ ಭಂಡಾರ, ಕೈಗೆ ಗಡಿಯಾರ ಹಾಕಿಕೊಂಡ ಯಾರೋ ಪಂಚಾಯತಿ ಸದಸ್ಯರು ಸ್ಟೂಲಿನ ಮೇಲೆ ಕೂತಿದ್ದರು. ಹತ್ತಿರ ಹೋದಾಗ ಗುರುತು ಸಿಕ್ಕಿತು. ಪಕ್ಕದಲ್ಲಿ ಅವನ ಹೆಂಡತಿ ಪದ್ಮವ್ವ ನಿಂತಿದ್ದಳು. ಗಂಡ ಟಿವಿಯಲ್ಲಿ ಬರುತ್ತಾನೆಂದು ಟ್ರಂಕಿನಿಂದ ಜುಬ್ಬಾ ತೆಗೆದು ಅವಳೇ ಹಾಕಿಸಿದ್ದಳು.

"ಕಾಕಾ, ದಿನಾ ಹೆಂಗ ಇರ್ತೀರಿ ಹಂಗ ಬೇಕ್ರಿ" ಎಂದಳು ನೀಲಮ.

"ದಿನಾ ಇದ್ದಂಗ ಇರಾಕ ಶೂಟಿಂಗ್ ಯಾಕ ಬೇ?" ಎಂದಳು ಪದ್ಮವ್ವ. "ಬನೀನಿನ್ಯಾಗ ತಗದು ಮಂದಿಗೆ ತೋರಸ್ತಿ? ನನ್ನ ತವರಮನ್ಯಾವ್ರು ನೋಡಿದ್ರ ಏನ ತಿಳ್ಕೊಬೇಕು?"

ಅರ್ಧ ಗಂಟೆ ಚರ್ಚೆಯಾಗಿ, ಜುಬ್ಬಾ ಹೋಗಿ ಬನಿಯನ್ ಬಂತು. ಭಂಡಾರ ಮಾತ್ರ ಉಳಿಯಿತು. ಆಗ ನಿಜವಾದ ತೊಡಕು ಎದುರಾಯಿತು. ನನ್ನ ಟ್ಯೂಬು ನಿನ್ನೆಯೇ ರಿಪೇರಿಯಾಗಿತ್ತು. ಪಂಚರ್ ಇಲ್ಲದೆ ಪಂಚರ್ ಹಚ್ಚುವುದು ಹೇಗೆ?

"ಒಂದು ಸಣ್ಣ ತೂತು ಮಾಡ್ರಿ ಕಾಕಾ" ಎಂದಳು ನೀಲಮ.

ಮಲಕಾರಿಯ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಟ್ಯೂಬನ್ನು ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡ.

ಅದಕ್ಕೆ ಕಾರಣವಿತ್ತು. ಪಂಚರ್ ಅಂಗಡಿಯವರೇ ರಸ್ತೆಯ ಮೇಲೆ ಮೊಳೆ ಚೆಲ್ಲುತ್ತಾರೆ ಎನ್ನುವ ಮಾತು ಎಲ್ಲ ಊರಲ್ಲೂ ಇದೆ. ರಾಯಬಾಗದಲ್ಲಿ ಅದು ಬಸ್ಸಿಗೆ ಕಾಯುವವರ ಮನರಂಜನೆಯಾಗಿತ್ತು. ಹೊತ್ತು ಹೋಗದಿದ್ದರೆ, "ಏನ ಮಲಕಾರಿ, ಇವತ್ತ ಎಷ್ಟು ಮೊಳಿ ಬಿತ್ತಿ ಬಂದಿ?" ಎಂದು ಕೂಗುವರು. ಅವನು ನಗುತ್ತಿದ್ದ. ಆದರೆ ಒಳಗೆ ಅದು ಅವನನ್ನು ಮೂವತ್ತು ವರ್ಷದಿಂದ ಚುಚ್ಚುತ್ತಿತ್ತು ಎಂದು ನನಗೆ ಗೊತ್ತಾದದ್ದು ಆವತ್ತು.

"ಮಾಸ್ತರ್ರ, ದಾರ್ಯಾಗ ಮೊಳಿ ಕಂಡ್ರ ನಾ ಆರಿಸಿ ಕಿಸೇದಾಗ ಹಾಕ್ಕೊಂಡು ಬರಾಂವ. ಬೀರಪ್ಪನ ಆಣಿ, ಈ ಕೈಲೆ ಇವತ್ತಿನ ತನಕ ಒಂದ ಟ್ಯೂಬಿಗೂ ತೂತು ಹಾಕಿಲ್ಲ. ಹರದದ್ದು ಹಚ್ಚೂದು ನನ್ನ ಕೆಲಸ. ಚಲೋ ಇದ್ದದ್ದು ಹರಿ ಅಂದ್ರ ಹೆಂಗ್ರಿ? ಅದೂ ಕ್ಯಾಮೆರಾದ ಮುಂದ!"

ನಾನು ವಿಷಯ ಬದಲಿಸಿ ಹೊಳೆಗೆ ಹೋಗೋಣವೆಂದೆ. ನೀಲಮ ಒಪ್ಪಲಿಲ್ಲ. ಸ್ವಲ್ಪ ಯೋಚಿಸಿ, "ಕಾಕಾ, ನೀವು ಹಾಕಬ್ಯಾಡ್ರಿ. ನಾ ಹಾಕ್ತೇನಿ. ನೀವು ಮಾರಿ ಆ ಕಡೆ ಮಾಡ್ರಿ. ಟ್ಯೂಬು ಸರ್‌ದು. ಪಾಪ ಬಂದ್ರ ನಮ್ಮಿಬ್ಬರಿಗೂ ಬರ್ಲಿ" ಎಂದಳು.

ನನ್ನನ್ನು ಯಾರೂ ಕೇಳಲಿಲ್ಲ. ಮಲಕಾರಿ ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಅವನು ಎದ್ದು ಹೋಗಿ ಬೇವಿನ ಮರಕ್ಕೆ ಮುಖ ಮಾಡಿ ನಿಂತ. ಟ್ಯೂಬು ಹಿಡಿಯಲು ಒಂದು ಕೈ, ಮೊಳೆಗೆ ಒಂದು ಕೈ ಬೇಕಾದ್ದರಿಂದ ನೀಲಮ ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಇಟ್ಟಳು. ಟುಸ್ ಎಂದಿತು. "ಆತ್ರಿ ಕಾಕಾ, ಬರ್ರಿ" ಎಂದಳು. ಅವನು ಬಂದು, ಯಾರೋ ಅಪರಿಚಿತರು ತಂದುಕೊಟ್ಟ ಟ್ಯೂಬು ನೋಡಿದಂತೆ, "ಎಲ್ಲಿ ಮಾಡ್ಕೊಂಡು ಬಂದ್ರಿ ಇದನ್ನ?" ಎಂದು ಗಂಭೀರವಾಗಿ ಕೇಳಿ ಕೆಲಸಕ್ಕೆ ಕೂತ.

ಆ ದಿನ ದೂರದ ನೋಟ ಮತ್ತು ಮುಖ ತೆಗೆದು ಮುಗಿಯುವಷ್ಟರಲ್ಲಿ ಬ್ಯಾಟರಿ ಸತ್ತಿತು. ಕೈಗಳು ಉಳಿದವು, ಭುಜದ ಹಿಂದಿನ ನೋಟ ಉಳಿಯಿತು. ನಾಳೆ ಇದೇ ಬನಿಯನ್, ಇದೇ ಗಡ್ಡ, ಇದೇ ಭಂಡಾರ ಇರಬೇಕು ಎಂದು ನೀಲಮ ಮೂರು ಸಲ ಹೇಳಿ ಬಂದಳು.

ಮರುದಿನ ಅವನ ಗಲ್ಲ ಹೊಸ ತಾಟಿನಂತೆ ಹೊಳೆಯುತ್ತಿತ್ತು. ಹಿಂದಿನ ಸಂಜೆ ತಂಗಿಯ ಮಗನ ನಿಶ್ಚಯಕ್ಕೆ ಹೋಗಿದ್ದ. "ಹೆಣ್ಣಿನ ಕಡ್ಯಾವ್ರು ಕಳ್ಳ ಅಂದಾರು ಅಂತ ಪದ್ಮವ್ವ ಹಜಾಮನ ಮುಂದ ಕುಂಡ್ರಿಸಿಬಿಟ್ಳವ್ವಾ. ನಾ ಹೇಳಿದ್ನಿ, ಪೋಸ್ಟಮನ್ನರ ಮಗಳು ಬೈತಾಳಂತ. ಕೇಳಲಿಲ್ಲ."

"ಗಡ್ಡ ಇದ್ದಾಂವ ತೇಪೆ ಇಟ್ಟು, ಗಡ್ಡ ಇಲ್ಲದಾಂವ ಒತ್ತಿದ್ರ ಹೆಂಗ್ರಿ ಸರ್?" ಎಂದು ನೀಲಮ ತಲೆಯ ಮೇಲೆ ಕೈ ಹೊತ್ತು ಕೂತಳು. ಬರೀ ಕೈ ತೆಗೆದರೆ ಗಡ್ಡ ಕಾಣುವುದಿಲ್ಲವಲ್ಲ ಎಂದು ನಾನು ಸಲಹೆ ಕೊಟ್ಟೆ. ಭುಜದ ಹಿಂದಿನಿಂದ ತೆಗೆದರೆ ಗಲ್ಲ ಕಾಣುತ್ತದೆ ಎಂದಳು. ನಾನು ಹಲಗೆಯ ಮೇಲೆ ಬರೆದದ್ದನ್ನು ಅವಳು ನನಗೇ ಕಲಿಸುತ್ತಿದ್ದಳು. ಎಂಟು ದಿನ ಕಾದೆವು. ದಿನವೂ ಕಾಲೇಜಿಗೆ ಬರುವಾಗ ಅವಳು ಅಂಗಡಿಯ ಮುಂದೆ ನಿಂತು ಮಲಕಾರಿಯ ಗಡ್ಡವನ್ನು ಹೊಲದಲ್ಲಿ ಪೈರು ನೋಡುವಂತೆ ನೋಡಿ, "ಇನ್ನೂ ಎರಡು ದಿನ ಬೇಕ್ರಿ" ಎಂದು ಹೋಗುತ್ತಿದ್ದಳು.

ಎಂಟನೆಯ ದಿನ ಸೋಮವಾರ. ರಾಯಬಾಗದ ಸಂತೆ. ನಮಗೆ ಅದು ಹೊಳೆಯಲಿಲ್ಲ. ಬಸ್ ನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರು. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಕೈಗಳ ನೋಟ ಬೇಗ ಮುಗಿಯುವುದಲ್ಲ. ಉಜ್ಜುವುದು ಒಂದು, ಸೊಲ್ಯೂಷನ್ ಸವರುವುದು ಒಂದು, ಒತ್ತುವುದು ಒಂದು. ಪ್ರತಿಯೊಂದಕ್ಕೂ ಒಂದು ಹೊಸ ತೂತು. ಮಲಕಾರಿ ಎದ್ದು ಮರದ ಕಡೆ ಮುಖ ಮಾಡುವುದು, ನೀಲಮ ಮೊಳೆ ಚುಚ್ಚುವುದು, ಅವನು ಬಂದು ಕೂತುಕೊಳ್ಳುವುದು. ಹೀಗೆ ಆರು ಸಲ ಆಯಿತು. ಆರನೆಯ ಸಲಕ್ಕೆ ಚಿಕ್ಕೋಡಿ ಬಸ್ಸಿನ ಕಿಟಕಿಗಳಿಂದ ಐವತ್ತು ತಲೆಗಳು ಹೊರಬಂದಿದ್ದವು. ಮಲಕಾರಿಯ ಅಂಗಡಿಯಲ್ಲಿ ಟ್ಯೂಬಿಗೆ ಮೊಳೆ ಹೊಡೆಯುತ್ತಿದ್ದಾರೆ, ಕ್ಯಾಮೆರಾದವರು ತೆಗೆಯುತ್ತಿದ್ದಾರೆ, ಒಬ್ಬ ಸಿಪಾಯಿ ಛತ್ರಿ ಹಿಡಿದು ನಿಂತಿದ್ದಾನೆ. ಅವರು ಕಂಡದ್ದು ಇಷ್ಟು.

ಸಂಜೆಯ ಹೊತ್ತಿಗೆ ಸುದ್ದಿ ಚಿಕ್ಕೋಡಿ ಮುಟ್ಟಿ ಅಲ್ಲಿಂದ ಹೊಸ ಅಂಗಿ ತೊಟ್ಟು ವಾಪಸ್ ಬಂತು. ಬೆಂಗಳೂರಿನಿಂದ ಟಿವಿಯವರು ಬಂದಿದ್ದರಂತೆ. ಮಲಕಾರಿ ಮೊಳೆ ಸಮೇತ ಸಿಕ್ಕಿಬಿದ್ದನಂತೆ. ಪೊಲೀಸ್ ಸಾಹೇಬರು ಬಿಸಿಲಿಗೆ ಛತ್ರಿ ಹಿಡಿದುಕೊಂಡೇ ಪಂಚನಾಮೆ ಮಾಡಿದರಂತೆ. ಖಾಕಿ ಸಮವಸ್ತ್ರದಲ್ಲಿದ್ದ ಮುರಗೆಪ್ಪ ಈ ಬಡ್ತಿಯಿಂದ ಖುಷಿಯಾಗಿದ್ದ ಎಂದು ನನಗೆ ಅನುಮಾನ.

ಮಲಕಾರಿ ಖುಷಿಯಾಗಿರಲಿಲ್ಲ. ನಾಲ್ಕು ದಿನ ಒಬ್ಬ ಗಿರಾಕಿಯೂ ಬರಲಿಲ್ಲ. ಪಂಚರ್ ಆದವರು ಅವನ ಮುಂದೆಯೇ ಸೈಕಲ್ ನೂಕಿಕೊಂಡು ದೂರದ ಇನ್ನೊಂದು ಅಂಗಡಿಗೆ ಹೋದರು. ಐದನೆಯ ದಿನ ನೀಲಮ ಹೋದಾಗ ಅವನು ತಗಡಿನ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ.

"ತಂಗಿ, ಮೂವತ್ತು ವರ್ಷ ಮಂದಿ ನಗ್ಯಾಡಿದ್ರು, ನಾನೂ ನಕ್ಕೆ. ಯಾರೂ ಖರೇ ಅಂತ ನಂಬಿದ್ದಿಲ್ಲ. ಈಗ ನಂಬ್ಯಾರ ನೋಡ" ಎಂದ. ಸಿಟ್ಟು ಮಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವನು ಮೆಲ್ಲಗೆ ಹೇಳಿದ.

ಅವಳು ಅಲ್ಲಿಂದ ನೇರ ನನ್ನ ಕೋಣೆಗೆ ಬಂದಳು. ಆವತ್ತು ಅತ್ತಳು. ನಾನು ಪ್ರಾಚಾರ್ಯರಿಂದ ಒಂದು ಪತ್ರ ಬರೆಸಿ ನಿಲ್ದಾಣದಲ್ಲಿ ಅಂಟಿಸೋಣವೆಂದೆ. "ಪತ್ರಾ ಯಾರ ಓದ್ತಾರ್ರಿ ಸರ್? ನಮ್ಮಪ್ಪ ಮನೀಗೆ ಒಯ್ದು ಕೊಟ್ರೂ ಓದೂದಿಲ್ಲ" ಎಂದು ಕಣ್ಣೊರೆಸಿಕೊಂಡಳು. "ವಿಡಿಯೋ ಮುಗಿಸೂನ್ರಿ. ಅದನ್ನ ತೋರಸೂನು."

ಮುಗಿಸುವುದು ಎಂದರೆ ಕುಡಚಿಗೆ ಹೋಗುವುದು. ನಮ್ಮ ಕಾಲೇಜಿನ ಕಂಪ್ಯೂಟರಿಗೆ ಕ್ಯಾಸೆಟ್ಟಿನ ಚಿತ್ರ ಇಳಿಸುವ ವೈರು ಇರಲಿಲ್ಲ. ಕುಡಚಿ ಸ್ಟೇಷನ್ ರಸ್ತೆಯಲ್ಲಿ ಬಾಳಾಸಾಬ ಎನ್ನುವವರ ಸ್ಟುಡಿಯೋ ಇತ್ತು. ಸುತ್ತಿನ ಊರುಗಳ ಲಗ್ನಗಳನ್ನೆಲ್ಲ ಅವರೇ ತೆಗೆದು, ಅವರೇ ಮಿಕ್ಸಿಂಗ್ ಮಾಡುತ್ತಿದ್ದರು. ಕತ್ತರಿಸಿ ಜೋಡಿಸುವುದಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ದಪ್ಪ ಕನ್ನಡಕ, ಬಾಯಿತುಂಬ ಎಲೆ ಅಡಿಕೆ, ಎರಡು ಬೆರಳಿನಲ್ಲಿ ಕೀಲಿಮಣೆ ಒತ್ತುವ ಸಜ್ಜನರು.

ನೀಲಮ ಯಾವ ತುಣುಕಿನ ಮುಂದೆ ಯಾವುದು ಎಂದು ವಹಿಯಲ್ಲಿ ಬರೆದುಕೊಂಡು ಬಂದಿದ್ದಳು. ಬಾಳಾಸಾಬ ಅದನ್ನು ನೋಡಿ, "ಎಲ್ಲಾ ನನಗ ಬಿಡ ತಂಗಿ, ಏಕ್ ನಂಬರ್ ಮಾಡ್ತೇನಿ. ಚಾ ಕುಡದು ಬರ್ರಿ" ಎಂದು ನಮ್ಮನ್ನು ಹೊರಗೆ ಕಳಿಸಿದರು.

ನಾವು ಚಹಾ ಕುಡಿದು ಬಂದಾಗ ಪರದೆಯ ಮೇಲೆ ಮಲಕಾರಿಯ ಮುಖ ಒಂದು ಗುಲಾಬಿ ಹೂವಿನ ನಡುವೆ ಅರಳುತ್ತಿತ್ತು. ಅದು ಮುಚ್ಚಿಕೊಂಡು ಎರಡು ಪಾರಿವಾಳ ಹಾರಿದವು, ಅವುಗಳ ಹಿಂದಿನಿಂದ ನನ್ನ ಟ್ಯೂಬು ಬಂತು. ಟ್ಯೂಬು ಗರಗರ ತಿರುಗಿ ಹೃದಯದ ಆಕಾರದಲ್ಲಿ ನೀರಿನ ಬುಟ್ಟಿಯಾಯಿತು. ಹಿನ್ನೆಲೆಯಲ್ಲಿ ಲಗ್ನದ ಸನಾಯಿ ವಾದ್ಯ.

"ಹೆಂಗೈತಿ?" ಎಂದರು ಬಾಳಾಸಾಬ.

ನಾನು ಚೆನ್ನಾಗಿದೆ ಎನ್ನಲು ಬಾಯಿ ತೆರೆದಿದ್ದೆ. ನೀಲಮ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. "ಕಾಕಾ, ಭಾಳ ಚಲೋ ಐತ್ರಿ. ಆದ್ರ ಮಲಕಾರಿ ಕಾಕಾಂದು ಟ್ಯೂಬಿನ ಜೋಡಿ ಲಗ್ನ ಆಗಾಕತ್ತಂಗ ಕಾಣತೈತ್ರಿ. ಬರೀ ಕತ್ತರಿಸಿ ಹಚ್ಚೂದು ನನಗ ಕಲಿಸ್ರಿ."

ಬಾಳಾಸಾಬ ಒಂದು ಕ್ಷಣ ಎಲೆ ಅಗಿಯುವುದನ್ನು ನಿಲ್ಲಿಸಿದರು. ಇಷ್ಟು ವರ್ಷದ ಕಸುಬಿನಲ್ಲಿ ಹೃದಯ ಬೇಡ ಎಂದವರನ್ನು ಅವರು ಕಂಡಿರಲಿಲ್ಲ. ಆದರೂ ಕಲಿಸಿದರು. ಮುಂದಿನ ಐದು ದಿನ ನೀಲಮ ಕಾಲೇಜು ಮುಗಿಸಿ, ನನ್ನನ್ನೂ ಕರೆದುಕೊಂಡು, ಬಸ್ಸು ಹಿಡಿದು ಕುಡಚಿಗೆ ಹೋದಳು. "ಅಗ ಬಾಯಿ, ಲಗ್ನಾ ತೆಗಿಯೂ ಅಂಗಡ್ಯಾಗ ಕುಂಡ್ರತಿ, ನಿನ್ನ ಲಗ್ನದ ಮಾತ ತಗದ್ರ ಎದ್ದು ಹೊಕ್ಕಿ" ಎಂದು ತಾಯಿ ಸಕ್ಕುಬಾಯಿ ಮನೆಯಲ್ಲಿ ಗೊಣಗಿದರು.

ಕತ್ತರಿಸುವುದು ತೋರಿದಷ್ಟು ಸುಲಭವಿರಲಿಲ್ಲ. ಮೊದಲು ಮಲಕಾರಿಯ ಕೈ ಮೇಲೆದ್ದು, ಮರುಕ್ಷಣ ದೂರದ ನೋಟದಲ್ಲಿ ಮತ್ತೆ ಕೆಳಗಿನಿಂದ ಮೇಲೇಳುತ್ತಿತ್ತು. ಒಂದೇ ತೇಪೆಯನ್ನು ಎರಡು ಸಲ ಎತ್ತಿದಂತೆ ಕಾಣುತ್ತಿತ್ತು. ನೀಲಮ ಕೂತಲ್ಲೇ ತನ್ನ ಕೈಯನ್ನು ಗಾಳಿಯಲ್ಲಿ ಎತ್ತಿ ನಿಲ್ಲಿಸಿ, ಮತ್ತೆ ಎತ್ತಿ ನಿಲ್ಲಿಸಿ ನೋಡಿಕೊಂಡಳು. ಕೈ ಅರ್ಧ ಎದ್ದಾಗ ಕತ್ತರಿಸಿ, ಉಳಿದ ಅರ್ಧವನ್ನು ಇನ್ನೊಂದು ನೋಟದಿಂದ ತಂದು ಹಚ್ಚಿದಳು. ಒಮ್ಮೆಗೇ ಎಲ್ಲ ಕೂಡಿಕೊಂಡಿತು. ಎರಡು ಬೇರೆ ಬೇರೆ ದಿನಗಳು ಒಂದೇ ಕೈಯಾದವು. "ಸರ್, ಜೋಡಿಸಿದ್ದು ಕಾಣವಲ್ತ್ರಿ!" ಎಂದು ಅವಳು ಕೂಗಿದ್ದಕ್ಕೆ ಹೊರಗೆ ಪಾಸ್‌ಪೋರ್ಟ್ ಫೋಟೋಗೆ ಕೂತವರು ಬೆಚ್ಚಿ ಅಲುಗಾಡಿಬಿಟ್ಟರು.

ನಾಲ್ಕನೆಯ ದಿನ ಬಾಳಾಸಾಬ ಬೇಡವಾದ ತುಣುಕುಗಳನ್ನು ಅಳಿಸುತ್ತಿದ್ದರು. ಒಂದು ಸೊಟ್ಟ ಚಿತ್ರ ಬಂತು. ನೀಲಮ ಮೊದಲ ಸಲ ಮೊಳೆ ಚುಚ್ಚಿದಾಗ ಸ್ಟೂಲಿನ ಮೇಲೆ ಇಟ್ಟ ಕ್ಯಾಮೆರಾ ನಿಂತಿರಲಿಲ್ಲ, ಕೆಂಪು ಚುಕ್ಕೆ ಹಾಗೇ ಇತ್ತು. ಚಿತ್ರದ ಒಂದು ಅಂಚಿನಲ್ಲಿ ನೀಲಮಳ ಕೈ ಮತ್ತು ಮೊಳೆ. ನಡುವೆ ಬೇವಿನ ಮರವನ್ನು ಎರಡೂ ಕೈಯಿಂದ ತಬ್ಬಿ ನಿಂತ ಮಲಕಾರಿಯ ಬೆನ್ನು. ಟುಸ್ ಎಂದಾಗ ಆ ಬೆನ್ನು ನಡುಗಿತು. ದನಿ ಸ್ಪಷ್ಟವಾಗಿತ್ತು:

"ಬೀರಪ್ಪಾ, ನೋಡಪಾ, ನಾ ಈ ಕಡೆ ಅದೇನಿ. ನಂದೇನೂ ಸಂಬಂಧಿಲ್ಲ. ಮಾಸ್ತರ್ದು ಟ್ಯೂಬು, ಪೋಸ್ಟಮನ್ನರ ಮಗಳ ಕೈ. ಬರ್ಕೋ."

ಬಾಳಾಸಾಬ ಮೇಜಿಗೆ ತಲೆ ಹಚ್ಚಿ ನಕ್ಕರು. ನಕ್ಕು ಮುಗಿಸಿ, ಸೊಟ್ಟ ಬಂದಿದೆ ಎಂದು ಅಳಿಸಲು ಹೋದರು. ನೀಲಮ ಅವರ ಕೈ ಹಿಡಿದಳು.

"ಇದನ್ನ ಎಲ್ಲಕ್ಕಿಂತ ಮೊದಲ ಹಚ್ಚೂನ್ರಿ ಕಾಕಾ."

ಪುಸ್ತಕದಲ್ಲಿ ಮೊದಲು ಕೈ ಎಂದಿದೆಯಲ್ಲ ಎಂದು ನಾನು ನೆನಪಿಸಿದೆ. "ಇರ್ಲಿ ಬಿಡ್ರಿ ಸರ್" ಎಂದಳು. ಅವಳು ಅದನ್ನೇ ಮೊದಲು ಹಚ್ಚಿದಳು. ಬಾಳಾಸಾಬರ ಮನಸ್ಸು ಮುರಿಯಬಾರದೆಂದು ಮುಖ ಮತ್ತು ಟ್ಯೂಬಿನ ನಡುವೆ ಒಂದೇ ಒಂದು ಹೃದಯಕ್ಕೂ ಒಪ್ಪಿದಳು.

ಮುಂದಿನ ಸೋಮವಾರ, ಮತ್ತೆ ಸಂತೆಯ ದಿನ. ಈ ಸಲ ತಿಳಿದೇ ಆರಿಸಿದೆವು. ನಿಲ್ದಾಣದ ಚಹಾ ಹೋಟೆಲಿನ ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಓವರುಗಳ ನಡುವಿನ ಜಾಹೀರಾತಿಗೆ ಕಾಯ್ದು, ಹೋಟೆಲಿನವರನ್ನು ಒಪ್ಪಿಸಿ ನೀಲಮ ಸಿ.ಡಿ. ಹಾಕಿದಳು. ಜನ ಮೊದಲು ಗದ್ದಲ ಮಾಡಿದರು. ಮರ ತಬ್ಬಿದ ಬೆನ್ನು ಕಂಡಿತು, ಟುಸ್ ಎಂದಿತು, "ಬರ್ಕೋ" ಎಂಬ ದನಿ ಬಂತು. ಹೋಟೆಲು ಬಿದ್ದು ಬಿದ್ದು ನಕ್ಕಿತು. ನಕ್ಕವರು ಹಾಗೆಯೇ ಉಳಿದದ್ದನ್ನೂ ನೋಡಿದರು. ಉಜ್ಜುವ ಹೆಬ್ಬೆರಳು, ಸೊಲ್ಯೂಷನ್ ಒಣಗಲು ಊದುವ ತುಟಿ, ತೇಪೆಯ ಅಂಚನ್ನು ಉಗುರಿನಿಂದ ಸವರಿ ಕೂಡಿಸುವ ರೀತಿ. ಕ್ರಿಕೆಟ್ ಶುರುವಾಗಿ ಅರ್ಧ ಓವರ್ ಹೋಗಿತ್ತು, ಯಾರೂ ಕೇಳಲಿಲ್ಲ. ಇನ್ನೊಮ್ಮೆ ಹಾಕಿಸಿದರು.

ಮಲಕಾರಿಯನ್ನು ಪದ್ಮವ್ವ ರಟ್ಟೆ ಹಿಡಿದು ಕರೆತಂದು ಬಾಗಿಲಲ್ಲಿ ನಿಲ್ಲಿಸಿದ್ದಳು. "ಇಷ್ಟು ನಾಜೂಕಿಲೆ ಮನ್ಯಾಗ ಒಂದರ ಕೆಲಸಾ ಮಾಡಿದ್ದು ನೋಡಿಲ್ಲವ್ವಾ ನಾ" ಎಂದಳು, ಆದರೆ ಕಣ್ಣು ಟಿವಿಯಿಂದ ತೆಗೆಯಲಿಲ್ಲ. ಜನ ಅವನ ಬೆನ್ನು ಚಪ್ಪರಿಸಿ ಏನೇನೋ ಹೇಳುತ್ತಿದ್ದರು. ಅವನಿಗೆ ಅದೊಂದೂ ಕೇಳಿಸಲಿಲ್ಲ. ಪರದೆಯ ಮೇಲೆ ಬುಟ್ಟಿಯಷ್ಟು ದೊಡ್ಡದಾಗಿ ಕಾಣುತ್ತಿದ್ದ ತನ್ನ ಕೈಗಳನ್ನೇ ನೋಡುತ್ತ ನಿಂತಿದ್ದ. ಮುಗಿದ ಮೇಲೆ ನನ್ನ ಹತ್ತಿರ ಬಂದ.

"ಮಾಸ್ತರ್ರ, ನಾಕನೇ ಪ್ಯಾಚ್ ಸ್ವಲ್ಪ ಸೊಟ್ಟ ಕುಂತೈತಿ. ಇಷ್ಟು ದಿನಾ ಹಂಗ ಅಡ್ಡ್ಯಾಡಿದ್ರೇನ್ರಿ? ಸೈಕಲ್ ತರ್ರಿ."

ಮರುದಿನದಿಂದ ಗಿರಾಕಿಗಳು ತಿರುಗಿ ಬಂದರು. ಬಸ್ಸಿಗೆ ಕಾಯುವವರ ಮಾತು ಮಾತ್ರ ಬದಲಾಯಿತು. ಈಗ ಅವರು "ಏ ಮಲಕಾರಿ, ಬೀರಪ್ಪ ಬರಕೊಂಡ್ನೇನು?" ಎಂದು ಕೂಗುತ್ತಿದ್ದರು. ಅವನು "ನಿಂದೂ ಬರಕೊಂಡಾನ ಹೋಗಲೇ" ಎನ್ನುತ್ತಿದ್ದ.

ಏಪ್ರಿಲ್‌ನಲ್ಲಿ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪ್ರಾಧ್ಯಾಪಕರು ಬಂದರು. ಐದು ಹೊಳೆಗಳನ್ನು ನೋಡಿ ಅವರಿಗೆ ತೂಕಡಿಕೆ ಬಂದಿತ್ತು. ಆರನೆಯದರಲ್ಲಿ ಎಚ್ಚರಾದರು. ಮುಗಿದ ಮೇಲೆ ಕನ್ನಡಕ ತೆಗೆದು, "ಕಸುಬುದಾರನ ಮುಖದಿಂದ ಟ್ಯೂಬಿಗೆ ಹೋಗುವಾಗ ಹೃದಯದ ಆಕಾರ ಬರುತ್ತದೆ. ಇದು ಯಾಕೆ?" ಎಂದರು.

"ಅದು ಬಾಳಾಸಾಬ ಕಾಕಾರ ಆಸೆಯ್ರಿ ಸರ್" ಎಂದಳು ನೀಲಮ.

"ಆಶಯ!" ಎಂದರು ಅವರು, ಅವಳ ಮಾತನ್ನು ಅರ್ಧ ಕೇಳಿಸಿಕೊಂಡು. "ಆಶಯವೇ. ಮನುಷ್ಯನಿಗೂ ಅವನ ಕಸುಬಿಗೂ ಇರುವ ಪ್ರೀತಿ. ಇದನ್ನು ಹೇಳಿಕೊಟ್ಟವರು ಯಾರು?" ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದು ತಿಳಿದರು. ಆ ವರ್ಷ ಪ್ರಾಯೋಗಿಕದಲ್ಲಿ ಅವಳಿಗೇ ಎಲ್ಲರಿಗಿಂತ ಹೆಚ್ಚು ಅಂಕ.

ಬಿ.ಎ. ಆದ ಮೇಲೆ ಅವಳು ಪತ್ರಿಕೆಗೆ ಹೋಗಲಿಲ್ಲ. ಬಾಳಾಸಾಬರೇ ಪೋಸ್ಟ್‌ಮನ್ನರ ಮನೆಗೆ ಹೋಗಿ ಕೇಳಿ ಅವಳನ್ನು ಸ್ಟುಡಿಯೋಗೆ ಕರೆದುಕೊಂಡರು. ಅರಿಶಿನ ಹಚ್ಚುವಾಗ, ಬಳೆ ಇಡುವಾಗ ಹೆಣ್ಣುಮಕ್ಕಳು ಗಂಡಸರ ಕ್ಯಾಮೆರಾ ಕಂಡು ಸೆರಗು ಎಳೆದುಕೊಂಡು ಮುದುಡುತ್ತಿದ್ದರು. ನೀಲಮ ಹೋದಲ್ಲಿ ನಗುತ್ತಿದ್ದರು. ಒಂದು ವರ್ಷದಲ್ಲಿ ಅಥಣಿ, ಕಾಗವಾಡದ ತನಕ "ಆ ಹುಡುಗೀನ್ನ ಕಳಸ್ರಿ" ಎನ್ನುವವರು ಹೆಚ್ಚಾದರು. ಮೊದಮೊದಲು ಅವಳಿಗೆ ಒಂದು ಕಷ್ಟವಿತ್ತಂತೆ. ಕೆಲಸವನ್ನು ಐದು ಸಲ ಮಾಡಿಸಿ ಕಲಿತವಳಿಗೆ, ತಾಳಿ ಎರಡನೆಯ ಸಲ ಕಟ್ಟಿರಿ ಎನ್ನುವಂತಿರಲಿಲ್ಲ. ನಿಪ್ಪಾಣಿಯ ಒಂದು ಲಗ್ನದಲ್ಲಿ ಬಾಯಿ ತಪ್ಪಿ ಹೇಳಿಯೇಬಿಟ್ಟಳಂತೆ. ಮದುಮಗ ನಿಜವಾಗಿಯೂ ಬಿಚ್ಚಲು ಕೈ ಹಾಕಿದನಂತೆ. ಅಂದಿನಿಂದ ಅವಳು ಲಗ್ನದ ಹಿಂದಿನ ದಿನವೇ ಮಂಟಪಕ್ಕೆ ಹೋಗಿ, ಯಾರು ಎಲ್ಲಿ ಕೂರುತ್ತಾರೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ತಾನು ಎಲ್ಲಿ ನಿಲ್ಲಬೇಕು ಎಂದು ನೋಡಿಕೊಂಡು ಬರುವುದನ್ನು ಕಲಿತಳು.

ನಾನು ಅಷ್ಟರಲ್ಲಿ ಅಥಣಿಯ ಕಾಲೇಜಿಗೆ ಬಂದಿದ್ದೆ. ಅವಳನ್ನು ಮತ್ತೆ ಕಂಡದ್ದು 2017ರಲ್ಲಿ, ಯಡೂರಿನ ವೀರಭದ್ರ ದೇವರ ಗುಡಿಯ ಹತ್ತಿರದ ಒಂದು ಲಗ್ನದಲ್ಲಿ. ನನ್ನ ಗೆಳೆಯರ ಮಗಳ ಮದುವೆ. ಜಡೆ ಹೋಗಿ ಕೂದಲು ಮೇಲೆ ಕಟ್ಟಿಕೊಂಡಿದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ಬಾಳಾಸಾಬರ ಕ್ಯಾಮೆರಾಕ್ಕಿಂತ ಅರ್ಧ ಗಾತ್ರದ ಹೊಸ ಕ್ಯಾಮೆರಾ. ಕ್ಯಾಮೆರಾ ಅವಳದೇ ಎಂದು ಆಮೇಲೆ ಗೊತ್ತಾಯಿತು. ಶಾಸ್ತ್ರಿಗಳು, ಸೋದರಮಾವಂದಿರು, ಬ್ಯಾಂಡಿನವರು ಎಲ್ಲ ಅವಳ ಒಂದು ಬೆರಳಿಗೆ ಸರಿದು ನಿಲ್ಲುತ್ತಿದ್ದರು. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಾಯಿತು. ನಾನು ಹೆಮ್ಮೆಯಿಂದ, ನನ್ನ ವಿದ್ಯಾರ್ಥಿನಿ ಎಂದು ಪಕ್ಕದವರಿಗೆ ಹೇಳುತ್ತ ಒಂದು ಹೆಜ್ಜೆ ಮುಂದೆ ಬಂದಿದ್ದೆ. ಅವಳು ಕ್ಯಾಮೆರಾದಿಂದ ಕಣ್ಣು ತೆಗೆಯದೆಯೇ ಹೇಳಿದಳು:

"ಸರ್, ಸ್ವಲ್ಪ ಹಿಂದ ಸರೀರಿ. ಅಕ್ಕಿಕಾಳು ಮದುಮಕ್ಕಳ ಮ್ಯಾಲಕ್ಕಿಂತ ನಿಮ್ಮ ಬೋಳು ತಲಿ ಮ್ಯಾಲ ಭಾಳ ಬೀಳಾಕತ್ತಾವು. ಅದ ಕಾಣಾಕತ್ತೈತಿ."

ನಾನು ಸರಿದು ಕಂಬದ ಹಿಂದೆ ನಿಂತುಕೊಂಡೆ.